ಕರಡಿಗೆ ಇಟ್ಟ ಹಲಸು

ಹಾನುಬಾಳಿನಿಂದ ಮೇಲಕ್ಕೆ ಹತ್ತುವ ಮಣ್ಣುರಸ್ತೆಯಲ್ಲಿ, ಜೀಪು ತಿರುಗಿಸುವ ಬಯಲಿನ ಪಕ್ಕ ಜವರಯ್ಯನವರ ಮನೆ. ಸೋಮವಾರ ಗುಡಿಗೆ ಹೋಗಿ ಬರುವಾಗ ಅವರ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ನೀರು ಕುಡಿದು ಬರುವುದು ನನಗೆ ರೂಢಿ. ಅವರದು ಕಡಿಮೆ ಮಾತು. ಹೆಂಡತಿ ಗಂಗಾಮಣಿ ಒಂದು ತುಂಡು ಹೇಳುತ್ತಾರೆ, ಅವರು ಅದನ್ನು ತಿದ್ದಲು ಇನ್ನೊಂದು ತುಂಡು ಹೇಳುತ್ತಾರೆ. ಹಾಗೆ ಎರಡು ವರ್ಷದಲ್ಲಿ ನನಗೆ ಪೂರ್ತಿಯಾಗಿ ಸಿಕ್ಕಿದ್ದು ಇದು.

ಜವರಯ್ಯನವರಿಗೆ ಈಗ ಅರವತ್ತೊಂದು. ಪ್ರಾಯದಲ್ಲಿ ಅವರನ್ನು ಸುತ್ತಿನ ಎಸ್ಟೇಟಿನವರೆಲ್ಲ ಹುಡುಕಿಕೊಂಡು ಬರುತ್ತಿದ್ದರು. ಪ್ರಾಣಿ ತಿನ್ನಲು ಬರುವ ಕಡೆ ಆಹಾರ ಇಟ್ಟು, ಹತ್ತಿರದ ಮರದಲ್ಲಿ ಅಟ್ಟಣೆ ಕಟ್ಟಿ ಕಾಯುವುದನ್ನು ಇಲ್ಲಿ ಮರಸು ಕೂರುವುದು ಎನ್ನುತ್ತಾರೆ. ಕೋವಿ ಹಿಡಿಯುವವರಿಗೆ ಬರವಿರಲಿಲ್ಲ. ಆಹಾರ ಇಡಬಲ್ಲವರು ಕಡಿಮೆ. ಇಡುವವನು ಒಬ್ಬನೇ ಆಗಿರಬೇಕು, ದಿನವೂ ಅದೇ ಹೊತ್ತಿಗೆ ಹೋಗಬೇಕು. ಮೈಗೆ ಸೋಪು ಹಚ್ಚಬಾರದು, ತಲೆಗೆ ಎಣ್ಣೆ ಹಾಕಬಾರದು, ಬೀಡಿ ಸೇದಬಾರದು. ಮೊದಲ ಐದು ದಿನ ಬರೀ ಉಣ್ಣಿಸಬೇಕು, ಕಾಯಬಾರದು. ಇಲ್ಲಿ ಅನ್ನವಿದೆ, ಭಯವಿಲ್ಲ ಎಂದು ಪ್ರಾಣಿಗೆ ನಂಬಿಕೆ ಬಂದ ಮೇಲೆ ಆರನೆಯ ದಿನ ಅಟ್ಟಣೆ ಹತ್ತುವುದು. ಅಟ್ಟಣೆಯ ಮೇಲೆ ಮಾತಿಲ್ಲ. ಆಹಾರ ಇಟ್ಟವನು ಕೋವಿಯವನ ಮಂಡಿ ಒಮ್ಮೆ ಒತ್ತಿದರೆ ಹೊಡೆಯಬೇಕು.

"ಉಣ್ಣಾಕೆ ಕರೆದು ಕೊಲ್ಲೋ ಕೆಲಸ. ನಂಗೆ ಅದು ಚೆನ್ನಾಗಿ ಬರ್ತಿತ್ತು" ಎಂದರು ಒಮ್ಮೆ. ಕಾನೂನು ಬಿಗಿಯಾದ ಮೇಲೆ ಬಿಟ್ಟರು. ಆಮೇಲೆ ತೋಟದ ನೆರಳುಮರಗಳ ಕೊಂಬೆ ಸವರುವ ಮರಗಸಿ, ಬೇಲಿ ಕೆಲಸ, ಮನೆಯ ಹಿಂದಿನ ಅರ್ಧ ಎಕರೆ ಕಾಫಿ, ಇಷ್ಟೇ.

ಅವರ ಅಕ್ಕ ಮುನಿಯಮ್ಮ ಹತ್ತು ವರ್ಷ ದೊಡ್ಡವರು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಮದುವೆಯಾಗಿ ಆಲೂರಿನ ಕಡೆ ಪಾಳ್ಯಕ್ಕೆ ಹೋದರು. ಮಕ್ಕಳಾಗಲಿಲ್ಲ. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದರು. ಬಂದು ಎರಡು ವರ್ಷಕ್ಕೆ ಮರೆವು ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಎಂದೋ ಸತ್ತ ಕರುವನ್ನು ಸಂಜೆಯಾದರೆ ಹುಡುಕಲು ಹೊರಡುತ್ತಿದ್ದರು. ಮೂರು ವರ್ಷದ ಹಿಂದೆ, ಮೇ ತಿಂಗಳ ಒಂದು ಬೆಳಿಗ್ಗೆ, ಧರ್ಮಸ್ಥಳಕ್ಕೆ ಹೋಗುತ್ತೇನೆ ಎಂದು ಗಂಗಾಮಣಿಗೆ ಹೇಳಿದರು. ಗಂಗಾಮಣಿ ನಕ್ಕು, "ಹೋಗೋರಂತೆ ಅತ್ತಿಗೆ, ಮೊದ್ಲು ರೊಟ್ಟಿ ತಿನ್ನಿ" ಎಂದು ಒಳಗೆ ಹೋಗಿ ಬರುವಷ್ಟರಲ್ಲಿ ಜಗಲಿ ಖಾಲಿಯಾಗಿತ್ತು. ಅವರ ಕರಿ ಕಂಬಳಿಯೂ ಇರಲಿಲ್ಲ.

ಬಸ್ಸು ಹತ್ತಿರಬಹುದೆಂದು ಘಟ್ಟ ಇಳಿದು ಹುಡುಕಿದರು. ಪೊಲೀಸರಿಗೆ ಬರೆದುಕೊಟ್ಟರು. ಒಂಬತ್ತನೆಯ ದಿನ ಕಾಫಿ ತೋಟದ ಮೇಲಿನ ತಾಕಿನಲ್ಲಿ ಕೆಲಸಕ್ಕೆ ಹೋಗಿದ್ದ ಆಳುಗಳಿಗೆ ಹಳ್ಳದ ಕೆಸರಿನಲ್ಲಿ ಮುನಿಯಮ್ಮನ ಎಡಗಾಲಿನ ಚಪ್ಪಲಿ ಸಿಕ್ಕಿತು. ಅದರ ಪಕ್ಕದಲ್ಲೇ ಕರಡಿಯ ಮುಂಗಾಲಿನ ಐದು ಉಗುರುಗಳ ಗೀರು, ಬೆರಳುದ್ದ. ಎರಡು ದಿನ ಜನ ಕೂಗುತ್ತಾ ಗುಡ್ಡ ಸುತ್ತಿದರು. ಬೇರೇನೂ ಸಿಗಲಿಲ್ಲ. ಆ ಮೇಲೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಜವರಯ್ಯನವರ ಮನೆಯ ಮುಂದೆ ಬಂದಾಗ ಎಲ್ಲರೂ ದನಿ ತಗ್ಗಿಸತೊಡಗಿದರು.

ಆ ತಾಕು ದೇವೇಂದ್ರ ಅವರದು. ನಲವತ್ತರ ಪ್ರಾಯದ ಎಸ್ಟೇಟ್ ಮಾಲೀಕರು. ಆಳುಗಳು ಮೇಲಿನ ತಾಕಿಗೆ ಕಾಲಿಡುವುದಿಲ್ಲ ಎಂದುಬಿಟ್ಟಿದ್ದರು. ಒಂದು ಸಂಜೆ ಅವರು ಜೀಪು ನಿಲ್ಲಿಸಿ ಜಗಲಿಯ ತುದಿಯಲ್ಲಿ ಕೂತರು.

"ಜವರಯ್ಯ, ಫಾರೆಸ್ಟ್‌ನೋರು ಬೋನು ತರ್ತೀವಿ ಅಂತವ್ರೆ. ಯಾವತ್ತು ತರ್ತಾರೋ. ನೀನು ಒಂದ್ಸಲ ಇಟ್ಟುಕೊಟ್ರೆ ಸಾಕು. ಕೋವಿ ನಂದು, ಕೇಸಾದ್ರೂ ನಂದೇ."

"ಬೇಡ ಕಣ್ರೀ" ಎಂದರು ಒಳಗಿನಿಂದ ಗಂಗಾಮಣಿ.

ಜವರಯ್ಯ ಹೆಂಡತಿಯ ಕಡೆ ನೋಡಲಿಲ್ಲ. "ನನ್ನ ಅಕ್ಕನ್ನ ತಿಂದೈತೆ ಅದು. ನಾಳೆಯಿಂದ ಇಡ್ತೀನಿ ಗೌಡ್ರೇ" ಎಂದರು.

ಅವರು ಆರಿಸಿದ್ದು ಚಪ್ಪಲಿ ಸಿಕ್ಕ ಹಳ್ಳದಿಂದ ಕೂಗಳತೆ ಮೇಲೆ, ತೋಟ ಮುಗಿದು ಕಾಡು ಶುರುವಾಗುವ ಕಡೆ. ಹಣ್ಣಾದ ಹಲಸು ಎರಡು ಸೀಳಿ, ಮೇಲೆ ಬೆಲ್ಲದ ಪಾಕ ಸುರಿದು, ಒಂದು ಕೊಳೆತ ಬೊಡ್ಡೆಯ ಪಕ್ಕ ಇಟ್ಟು ಬಂದರು. ಮೊದಲ ಎರಡು ದಿನ ಉಗುರಿನ ಗುರುತು ಸ್ಪಷ್ಟವಾಗಿತ್ತು. ಮೂರನೆಯ ದಿನದಿಂದ ಉಗುರು ಕಾಣಲಿಲ್ಲ. ಒದ್ದೆ ತರಗೆಲೆಯ ನಡುವೆ ಬರೀ ಪಾದ, ಹಿಮ್ಮಡಿ ಅಗಲ, ಬೆರಳು ಬಿಚ್ಚಿಕೊಂಡದ್ದು. ಒಂದು ದಿನ ದೇವೇಂದ್ರ ದೂರದಿಂದ ನೋಡಿ ಬರುತ್ತೇನೆಂದು ಹಿಂದೆ ಹೋದವರು ಅದರ ಮುಂದೆ ನಿಂತುಬಿಟ್ಟರು.

"ಇದು ಯಾರೋ ಮನುಷ್ಯರದು ಕಣಯ್ಯ."

"ನೀವು ಕಾಫಿ ಗಿಡ ನೋಡಿ ಬೆಳೆದೋರು ಗೌಡ್ರೇ" ಎಂದರು ಜವರಯ್ಯ. "ಕರಡಿ ಹಿಂಗಾಲು ಥೇಟ್ ನಮ್ಮ ಪಾದನೇ. ಮುಂಗಾಲು ಇಟ್ಟ ಕಡೇನೇ ಹಿಂಗಾಲು ಇಡ್ತದೆ, ಉಗುರು ಮುಚ್ಚೋಗ್ತದೆ. ಹೊಸಬರೆಲ್ಲ ಇಲ್ಲೇ ಮೋಸ ಹೋಗೋದು."

"ಬೀಜ ಒಂದೂ ಬಿದ್ದಿಲ್ವಲ್ಲ?"

"ತೊಳೆ ಬಿಡಿಸಿ ಬೀಜ ಉಗೀತಾ ಕೂರಾಕೆ ಅದೇನು ನಿಮ್ಮ ಮನೆ ನೆಂಟನಾ? ಬೀಜ ಸಮೇತ ನುಂಗ್ತದೆ ಗೌಡ್ರೇ."

ದೇವೇಂದ್ರ ನಕ್ಕರು. ಜವರಯ್ಯನಿಗೆ ನಗು ಬರಲಿಲ್ಲ. ಅಲ್ಲಿ ನಿಂತಾಗೆಲ್ಲ ಬೆನ್ನಿಗೆ ಯಾರೋ ನೋಡುತ್ತಿರುವ ಹಾಗೆ ಅನ್ನಿಸುತ್ತಿತ್ತು ಎಂದು ಅವರು ನನಗೆ ಹೇಳಿದ್ದಾರೆ. ಪ್ರಾಣಿ ನೋಡಿದರೆ ಕೂದಲು ನಿಲ್ಲುತ್ತದೆ, ಅದು ಅವರಿಗೆ ಗೊತ್ತಿತ್ತು. ಇದು ಹಾಗಿರಲಿಲ್ಲ. ಶಾಲೆ ತಪ್ಪಿಸಿಕೊಂಡು ಮರದ ಹಿಂದೆ ನಿಂತಾಗ ಮನೆಯವರು ಕಂಡೂ ಕಾಣದ ಹಾಗೆ ಇರುತ್ತಾರಲ್ಲ, ಅಂಥದ್ದು. ಐದನೆಯ ದಿನ ಹಣ್ಣು ಇಟ್ಟು ಹತ್ತು ಹೆಜ್ಜೆ ಬರುವಷ್ಟರಲ್ಲಿ ಹಿಂದೆ ತರಗೆಲೆ ಸರಿದ ಸದ್ದಾಯಿತು. ತಿರುಗಬಾರದು ಎನ್ನುವುದು ಕೆಲಸದ ಕಟ್ಟು. ಅವರು ತಿರುಗಲಿಲ್ಲ.

ಆರನೆಯ ದಿನ ಬೆಳಕು ಹರಿಯುವ ಮುಂಚೆ ಇಬ್ಬರೂ ಅಟ್ಟಣೆ ಹತ್ತಿದರು. ಹಿಂದಿನ ಸಂಜೆ ಮಳೆ ಬಿದ್ದಿತ್ತು. ಬೆಳಗಾದರೂ ಬೆಳಕಾಗಲಿಲ್ಲ, ಮಂಜು ನೆಲದಿಂದಲೇ ಎದ್ದು ಕಾಫಿ ಗಿಡಗಳನ್ನು ಸೊಂಟದವರೆಗೆ ಮುಚ್ಚಿತು. ದಿನಾ ಕೂಗುವ ಹಕ್ಕಿಗಳೂ ಅಂದು ಕೂಗಲಿಲ್ಲ. ಹಲಸಿನ ವಾಸನೆ ಮಾತ್ರ ಮೇಲಕ್ಕೆ ಬರುತ್ತಿತ್ತು.

ಆರೂವರೆಯ ಹೊತ್ತಿಗೆ ಕಾಡಿನ ಕಡೆಯಿಂದ ಅದು ಬಂತು. ಕಪ್ಪಗೆ, ಉಣ್ಣೆ ಉಣ್ಣೆಯಾಗಿ, ಬೆನ್ನು ಬಾಗಿಸಿ, ನೆಲಕ್ಕೆ ಮುಖ ಹತ್ತಿಸಿಕೊಂಡು. ಎರಡು ಹೆಜ್ಜೆ ನಡೆದು ನಿಲ್ಲುವುದು, ಮತ್ತೆ ಎರಡು ಹೆಜ್ಜೆ. ಬೊಡ್ಡೆಯ ಪಕ್ಕ ಬಂದು ಕುಕ್ಕರುಗಾಲಿನಲ್ಲಿ ಕೂತಿತು. ಜವರಯ್ಯ ದೇವೇಂದ್ರನ ಮಂಡಿ ಒತ್ತಿದರು.

ಒತ್ತಿದ ಕೈ ಇನ್ನೂ ಅಲ್ಲೇ ಇತ್ತು. ಅಷ್ಟರಲ್ಲಿ ಅವರು ಕಂಡದ್ದು ಇಷ್ಟು: ಆ ಕಪ್ಪು ಆಕೃತಿ ಹಣ್ಣಿನ ತೊಳೆ ಬಿಡಿಸಿತು, ಬೀಜವನ್ನು ಬೇರೆ ತೆಗೆಯಿತು, ಕೈಗೆ ಹತ್ತಿದ ಅಂಟನ್ನು ತರಗೆಲೆಗೆ ಉಜ್ಜಿತು, ಬೀಜವನ್ನು ಮಡಿಲಿಗೆ ಹಾಕಿಕೊಂಡಿತು.

ಜವರಯ್ಯ ಎಡಗೈಯಿಂದ ಕೋವಿಯ ನಳಿಗೆಯನ್ನು ಮೇಲಕ್ಕೆ ಹೊಡೆದರು. ಈಡು ಹಾರಿತು. ನಳಿಗೆಯ ತುದಿ ಹಿಡಿದ ಅಂಗೈ ಸುಟ್ಟು, ಕಿರುಬೆರಳ ತುದಿ ಹೋಯಿತು. ಮೇಲಿನ ಕೊಂಬೆಯಿಂದ ಎಲೆಗಳು ಬಹಳ ಹೊತ್ತು ಉದುರುತ್ತಲೇ ಇದ್ದವು. ಹೊಗೆ ಮಂಜಿನಲ್ಲಿ ಬೆರೆತು ಹೋದಾಗ ಬೊಡ್ಡೆಯ ಪಕ್ಕ ಯಾರೂ ಇರಲಿಲ್ಲ.

"ಏನ್ ಮಾಡ್ಬುಟ್ಟೆ ಜವರಯ್ಯ" ಎಂದರು ದೇವೇಂದ್ರ.

ಜವರಯ್ಯ ಜಾರಿಕೊಂಡೇ ಇಳಿದರು. ನೆಲದಲ್ಲಿ ರಕ್ತವಿರಲಿಲ್ಲ, ಅವರದೇ ಕೈಯಿಂದ ತೊಟ್ಟಿಕ್ಕುತ್ತಿದ್ದುದು ಬಿಟ್ಟರೆ. ಕಾಡಿನ ಕಡೆಗೆ ಹಲಸಿನ ಬೀಜಗಳು ಒಂದೊಂದಾಗಿ ಬಿದ್ದುಕೊಂಡು ಹೋಗಿದ್ದವು, ಓಡುವವರ ಮಡಿಲಿನಿಂದ ಬಿದ್ದ ಹಾಗೆ. ಅವರು ಒಂದನ್ನು ಎತ್ತಿ ನೋಡಿದರು. ಅದರ ಮೇಲಿನ ಬಿಳಿ ಸಿಪ್ಪೆ ಸುಲಿದಿತ್ತು, ಸಾರಿಗೆ ಹಾಕಲು ಸುಲಿಯುವಂತೆ.

"ಅಕ್ಕ" ಎಂದು ಕೂಗಿದರು. ಮಂಜಿನೊಳಗೆ ಆ ಕೂಗು ಎಲ್ಲಿಗೂ ಹೋಗದೆ ಅವರ ಹತ್ತಿರವೇ ಬಿದ್ದಂತಾಯಿತು. ಈಡು ತಗುಲಿದೆಯೋ ಇಲ್ಲವೋ, ತಗುಲಿ ಓಡಿ ಎಲ್ಲಾದರೂ ಬಿದ್ದಿದ್ದರೆ, ಅದೊಂದೇ ಅವರ ತಲೆಯಲ್ಲಿ. ದೇವೇಂದ್ರನನ್ನು ಅಲ್ಲೇ ನಿಲ್ಲಲು ಹೇಳಿ, ಟವೆಲನ್ನು ಕೈಗೆ ಸುತ್ತಿಕೊಂಡು ಬೀಜ ಬಿದ್ದ ದಾರಿ ಹಿಡಿದು ಹೋದರು.

ದಾರಿ ಮುಗಿದದ್ದು ಒಂದು ದೊಡ್ಡ ಬಂಡೆಯ ಕೆಳಗೆ. ಬಂಡೆಯಡಿ ಆಳವಾದ ಪೊಟರೆ. ಅದರ ಬಾಯಲ್ಲಿ ಮುನಿಯಮ್ಮ ಕಾಲು ಚಾಚಿ ಕೂತಿದ್ದರು. ಗಾಯವಿರಲಿಲ್ಲ. ಕಂಬಳಿ ಕೊಪ್ಪೆಯ ಹಾಗೆ ತಲೆಯಿಂದ ಇಳಿಬಿದ್ದಿತ್ತು, ಮುಖ ಒಣಗಿ ಕಣ್ಣು ದೊಡ್ಡದಾಗಿತ್ತು. ಅರ್ಧ ಹಲಸನ್ನು ತನ್ನ ಬೆನ್ನ ಹಿಂದೆ, ಕತ್ತಲೆಯ ಕಡೆ, ಸರಿಸಿ ಇಟ್ಟಿದ್ದರು. ಆ ಕತ್ತಲೆಯಿಂದ ಒಂದು ಸದ್ದು ಬರುತ್ತಿತ್ತು. ಗುಂಯ್ ಎಂದು, ನಿಂತು, ಮತ್ತೆ ಗುಂಯ್ ಎಂದು.

ಕರಡಿ ಮಲಗಿ ಅಂಗೈ ಚೀಪುವಾಗ ಆ ಸದ್ದು ಬರುತ್ತದೆ. ಜವರಯ್ಯ ಅದನ್ನು ದೂರದಿಂದ ಕೇಳಿದ್ದರು. ಇಷ್ಟು ಹತ್ತಿರದಿಂದ ಯಾರೂ ಕೇಳಿರಲಾರರು.

ಮುನಿಯಮ್ಮ ತುಟಿಯ ಮೇಲೆ ಬೆರಳಿಟ್ಟರು. "ಸದ್ದು ಮಾಡ್ಬೇಡ. ಮಗು ಈಗ ಮಲಗೈತೆ. ಎದ್ರೆ ಹಠ ಮಾಡ್ತದೆ."

"ಅಕ್ಕ, ನಾನು. ಜವರ."

"ಯಾವೂರಪ್ಪ ನಿಂದು?"

ಕೈ ಹಿಡಿದು ಎಳೆದರೆ ಅವರು ಕೂಗುತ್ತಾರೆ. ಕೂಗಿದರೆ ಒಳಗಿನದು ಏಳುತ್ತದೆ. ಜವರಯ್ಯನಿಗೆ ಗೊತ್ತಿದ್ದದ್ದು ಕಾಯುವುದೊಂದೇ. ಆರು ಮೊಳ ದೂರದಲ್ಲಿ ನೆಲಕ್ಕೆ ಕೂತರು. ಎಷ್ಟು ಹೊತ್ತು ಎಂದು ಅವರಿಗೆ ತಿಳಿಯದು. ಅಂಗೈ ಉರಿಯುತ್ತಿತ್ತು, ಅದನ್ನು ಉಸಿರಲ್ಲಿಯೂ ತೋರಿಸಲಿಲ್ಲ. ಒಳಗಿನ ಸದ್ದು ಒಮ್ಮೆ ನಿಂತಿತು. ಕತ್ತಲೆಯಲ್ಲಿ ಏನೋ ದೊಡ್ಡದು ಮಗ್ಗುಲು ಬದಲಿಸಿತು. ಬೆವರಿದ ನಾಯಿಯಂಥ, ಹುಳಿ ಹಣ್ಣಿನಂಥ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ಆಮೇಲೆ ಮತ್ತೆ ಗುಂಯ್ ಎಂದಿತು. ಮುನಿಯಮ್ಮ ಕೈಯನ್ನು ಹಿಂದಕ್ಕೆ ಚಾಚಿ, ಕಾಣದ ಅದನ್ನು ಎರಡು ಸಲ ತಟ್ಟಿದರು.

ಜವರಯ್ಯ ಬಹಳ ಮೆಲ್ಲಗೆ ಹೇಳಿದರು: "ಹೊತ್ತೇರ್ತಾ ಐತೆ. ಕೊಟ್ಟಿಗೆ ಕಸ ಹಂಗೇ ಐತೆ."

ಮುನಿಯಮ್ಮ ಅವರನ್ನು ನೋಡಿದರು. "ಇನ್ನೂ ಬಾಚಿಲ್ವಾ? ಆ ಗಂಗಾಮಣಿ ಏನ್ ಮಾಡ್ತಾ ಅವ್ಳೆ?" ಎಂದು ಮಂಡಿ ಹಿಡಿದು ಎದ್ದರು. ಮಡಿಲಿನಲ್ಲಿ ಉಳಿದ ಬೀಜಗಳನ್ನು ಗಂಟು ಕಟ್ಟಿಕೊಂಡರು. ಹೊರಡುವ ಮುಂಚೆ ಪೊಟರೆಯ ಕಡೆ ಬಾಗಿ, "ಈಗ ಬಂದ್ಬುಡ್ತೀನಿ" ಎಂದರು.

ತೋಟದ ಬೇಲಿಯವರೆಗೆ ಜವರಯ್ಯ ಅಕ್ಕನ ಹಿಂದೆ ನಡೆದರು, ಅವರ ಮೈಗೂ ಕಾಡಿಗೂ ನಡುವೆ. ಹಿಂದೆ ತರಗೆಲೆ ಸದ್ದಾಗುತ್ತಿತ್ತು. ಇವರು ನಿಂತರೆ ನಿಲ್ಲುತ್ತಿತ್ತು. ಬೇಲಿಯ ಹತ್ತಿರ ಕೋವಿ ಹಿಡಿದು ನಿಂತಿದ್ದ ದೇವೇಂದ್ರ ಅದನ್ನು ಕಣ್ಣಾರೆ ಕಂಡರು. ಒಂದು ಸಲವೂ ಕೋವಿ ಎತ್ತಲಿಲ್ಲ. ಯಾಕೆ ಎಂದು ನಾನು ಅವರನ್ನೇ ಕೇಳಿದ್ದೇನೆ.

"ಮೇಡಂ, ಅದು ಅಟ್ಟಿಸ್ಕೊಂಡು ಬರ್ತಿರ್ಲಿಲ್ಲ" ಎಂದರು ಅವರು. "ಅಜ್ಜಿ ಸೆರಗು ಹಿಡ್ಕೊಂಡು ಬಂದಂಗೆ ಬರ್ತಿತ್ತು. ಅವ್ರು ಬೇಲಿ ದಾಟಿದ್ ಮೇಲೆ ಅಲ್ಲೇ ಕೂತ್ಕಂಡ್ತು. ನಾನು ಜೀಪ್ ಸ್ಟಾರ್ಟ್ ಮಾಡಿದ್ರೂ ಏಳಲಿಲ್ಲ."

ಸಕಲೇಶಪುರದ ಆಸ್ಪತ್ರೆಯಲ್ಲಿ ತಮ್ಮನ ಕೈಗೆ ಹೊಲಿಗೆ ಹಾಕಿದರು, ಅಕ್ಕನಿಗೆ ಎರಡು ಬಾಟಲಿ ಡ್ರಿಪ್ ಕೊಟ್ಟರು. ಹದಿನಾರು ದಿನ ಎಲ್ಲಿ ಮಲಗಿದ್ದೆ, ಹೇಗೆ ಬದುಕಿದ್ದೆ ಎಂದು ಕೇಳಿದರೆ ಮುನಿಯಮ್ಮ ಮಡಿಲಿನ ಬೀಜದ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅಷ್ಟು ದಿನ ಅವರನ್ನು ಕಾದದ್ದು ಯಾರೆಂದು ನಾನು ಗುಡಿಯಲ್ಲಿ ಕೈಮುಗಿದಾಗೆಲ್ಲ ನೆನೆಯುತ್ತೇನೆ. ದೇವರ ಕಾಪು ಕರಡಿಯ ರೂಪದಲ್ಲಿ ಬರಬಾರದು ಎಂದು ಹೇಳಲು ನಾನು ಯಾರು.

ಮನೆಗೆ ಬಂದ ಮೇಲೆ ಗಂಗಾಮಣಿ ಸೀಗೆಪುಡಿ ಹಾಕಿ ನಾಲ್ಕು ದಿನ ಎರೆದರು. ಆದರೂ ಎಸ್ಟೇಟಿನ ಆಳುಗಳ ಲೈನ್ ಮನೆಗಳ ನಾಯಿಗಳು ಇವತ್ತಿಗೂ ಮುನಿಯಮ್ಮನ ಹತ್ತಿರ ಸುಳಿಯುವುದಿಲ್ಲ. ಬೊಗಳುವುದೂ ಇಲ್ಲ, ಬಾಲ ಮಡಚಿ ದೂರ ಹೋಗಿ ಕೂರುತ್ತವೆ.

ಆಮೇಲೆ ಆ ತಾಕಿನಲ್ಲಿ ಯಾರಿಗೂ ಏನೂ ಆಗಿಲ್ಲ. ಹಂದಿ ಕಾಟಕ್ಕೆಂದು ಬೇರೆ ಎಸ್ಟೇಟಿನವರು ಎರಡು ಸಲ ಬಂದು ಕರೆದರು. ಜವರಯ್ಯ ಎದ್ದು ಒಳಗೆ ಹೋದರು.

ಊಟದ ಹೊತ್ತು ಮಾತ್ರ ಆ ಮನೆಯಲ್ಲಿ ಕಷ್ಟ. ಒಂದು ಮಧ್ಯಾಹ್ನ ನಾನು ಅಲ್ಲಿದ್ದೆ. ಗಂಗಾಮಣಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಮುನಿಯಮ್ಮ ತಟ್ಟೆ ಮುಟ್ಟದೆ ಬಾಗಿಲಾಚೆಯ ಗುಡ್ಡದ ಕಡೆ ನೋಡುತ್ತಾ, "ಅದು ಉಂಡ್ತಾ?" ಎಂದು ಕೇಳಿದರು.

"ಉಂಡು ಮಲಗೈತೆ ಅತ್ತಿಗೆ."

"ನೀನೇ ನೋಡ್ದ್ಯಾ?"

"ನಾನೇ ಹಾಕಿ ಬಂದೆ."

ಆಗ ಮುನಿಯಮ್ಮ ಮುದ್ದೆ ಮುರಿದರು. ದಿನಕ್ಕೆ ಎರಡು ಹೊತ್ತು, ಮೂರು ವರ್ಷದಿಂದ, ಇದು ಹೀಗೇ. ಹೇಳದಿದ್ದರೆ ಅವರು ಉಣ್ಣುವುದಿಲ್ಲ. ಸುಳ್ಳು ಹೇಳಿ ಹೇಳಿ ಬಾಯಿ ಸೋಲುತ್ತದೆ ಎಂದು ಗಂಗಾಮಣಿ ನನ್ನ ಹತ್ತಿರ ಹೇಳಿಕೊಂಡರು. ಒಂದು ದಿನವಾದರೂ ಗಂಡ ಹೇಳಲಿ ಎಂದು ಅವರ ಆಸೆ. ಜವರಯ್ಯನವರು ಮಾತ್ರ ಹಾಕಿ ಬಂದೆ ಎನ್ನುವ ಆ ಮಾತು ಬರುವ ಹೊತ್ತಿಗೆ ಸರಿಯಾಗಿ ತಟ್ಟೆ ಹಿಡಿದು ಎದ್ದು, ಹೊರಗಿನ ಕಲ್ಲಿನ ಮೇಲೆ, ಗುಡ್ಡಕ್ಕೆ ಬೆನ್ನು ಹಾಕಿ ಕೂತು ಉಣ್ಣುತ್ತಾರೆ.