ಮೂರು ಸಲ ಒಲ್ಲೆ ಅನ್ನುವಷ್ಟರಲ್ಲಿ

ನನಗೆ ಮೋಟಾರು ಹತ್ತಲು ಬರುವುದಿಲ್ಲ. ಮಾಸ್ತರನಾಗಿ ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಭಿನ್ನರಾಶಿ ಕಲಿಸಬಲ್ಲೆ, ಭೂಪಟದ ಮೇಲೆ ಬೆರಳಿಟ್ಟು ಹುಡುಗರನ್ನು ಹಿಮಾಲಯದವರೆಗೆ ಕರೆದೊಯ್ಯಬಲ್ಲೆ. ಆದರೆ ಜತ್ತಿನ ಸ್ಟ್ಯಾಂಡಿಗೆ ಮುಂಜಾನೆಯ ಮಿರಜಿನ ಮೋಟಾರು ಬಂದು ನಿಂತಿತೆಂದರೆ ನನ್ನ ಕೈಕಾಲು ತಣ್ಣಗಾಗುತ್ತವೆ.

ಜತ್ತಿನ ರಾಜರ ಸಂಸ್ಥಾನ ಹೋಗಿ ಸರಕಾರಿ ಮೋಟಾರು ಬಂದಾಗ ನಾವೆಲ್ಲ ಭಾಳ ಹಿಗ್ಗಿದ್ದೆವು. ಈಗ ನೋಡಿ, ಸಾಂಗಲಿಯ ಕಚೇರಿಗೆ ಹೋಗುವವರು, ಮಿರಜಿನಲ್ಲಿ ರೈಲು ಹಿಡಿಯುವವರು, ದವಾಖಾನೆಯ ರೋಗಿಗಳು, ಉಣ್ಣೆ ಗಂಟಿನ ಕುರುಬರು, ಕೋಳಿಬುಟ್ಟಿಯ ಮುದುಕಿಯರು, ಎಲ್ಲರಿಗೂ ಅದೊಂದೇ ಮೋಟಾರು ಬೇಕು. ಕಿಟಕಿಯಿಂದ ಟವೆಲ್ಲು ಎಸೆದವನದೇ ಜಾಗ ಎಂಬುದು ಎಲ್ಲೂ ಬರೆಯದ ಕಾಯಿದೆ. ಒಮ್ಮೆ ನಾನೂ ಧೈರ್ಯ ಮಾಡಿ ಟೊಪ್ಪಿಗೆ ಎಸೆದೆ. ಅದು ಈ ಕಿಟಕಿಯಿಂದ ಹೋಗಿ ಆ ಕಿಟಕಿಯಿಂದ ಹೊರಗೆ ಬಿತ್ತು. ಬರಿದಲೆ ನಮ್ಮಲ್ಲಿ ಸೂತಕದ ಗುರುತು; ಹಾಗೆ ಸಾಲೆಗೆ ಹೋದ ಆ ದಿನ ಯಾರೋ ತೀರಿಕೊಂಡರೆಂದು ತಿಳಿದು ಹುಡುಗರು ರಜೆ ಕೇಳಿದರು.

ಮೋಟಾರಿನ ಒಳಗೆ ಚಾಲಕನ ತಲೆಯ ಹಿಂದೆ ಮರಾಠಿಯಲ್ಲಿ ಬರೆದಿರುತ್ತದೆ: ಕೂಡುವವರು ಇಷ್ಟು, ನಿಲ್ಲುವವರು ಇಷ್ಟು. ಕಂಡಕ್ಟರು ದಿನಾಲೂ ಅದನ್ನು ಮರೆಯುತ್ತಾನೆ, ಮೇಲಿನ ಸಾಹೇಬರು ದಾರಿಯಲ್ಲಿ ತಪಾಸಣೆಗೆ ನಿಂತಿದ್ದಾರೆಂಬ ಸುದ್ದಿ ಬಂದ ದಿನ ಮಾತ್ರ ನೆನೆಸಿಕೊಳ್ಳುತ್ತಾನೆ. ಅಂಥದೊಂದು ದಿನದ ಮಾತು ಇದು.

ಮಿರಜಿನ ದವಾಖಾನೆಯಲ್ಲಿ ನನ್ನ ಅವ್ವನ ಕಣ್ಣಿನ ಪೊರೆ ತೆಗೆದಿದ್ದರು. ಒಂದು ಕಣ್ಣು ಎಂದೋ ಹೋಗಿತ್ತು, ಉಳಿದದ್ದು ಇದೊಂದೇ. ಮೂರು ವರ್ಷದಿಂದ ನನ್ನನ್ನು ದನಿಯಿಂದಲೇ ಗುರುತಿಸುತ್ತಿದ್ದಳು. “ಪಟ್ಟಿ ಬಿಚ್ಚಿದಾಗ ಮೊದಲ ನಿನ್ನ ಮಾರಿ ನೋಡಬೇಕೋ ಯಪ್ಪಾ, ಲಗೂನ ಬಾ” ಎಂದು ಹೇಳಿ ಕಳಿಸಿದ್ದಳು. ಅವಳ ಹತ್ತಿರ ನನ್ನ ಹೆಂಡತಿ ಇದ್ದಳು. ಪಟ್ಟಿ ಬಿಚ್ಚುವುದು ಮಂಗಳವಾರ ಮಧ್ಯಾಹ್ನ.

ಮಂಗಳವಾರ ನಸುಕಿನಲ್ಲೇ ಸ್ಟ್ಯಾಂಡಿಗೆ ಹೋದೆ. ಹೇಗೆ ಹತ್ತಿದೆನೋ ದೇವರೇ ಬಲ್ಲ, ಹಿಂದಿನವರು ನೂಕಿದ ಪುಣ್ಯದಿಂದ ಹತ್ತಿದೆ, ಕೂಡಲು ಜಾಗವೂ ಸಿಕ್ಕಿತು! ಅಷ್ಟರಲ್ಲಿ ಕುಣಿಕೋಣೂರಿನ ಬೀಗರು ಹತ್ತಿದರು, ನನ್ನ ತಂಗಿಯ ಮಾವ. ಸಾಂಗಲಿಯಲ್ಲಿ ಅವರಿಗೆ ಅವತ್ತು ಕಚೇರಿ ಕೆಲಸವಿತ್ತು. ನಾನು ಸ್ಪ್ರಿಂಗು ಬಿಟ್ಟಂತೆ ಎದ್ದೆ. ಬೀಗರು ನಿಂತಿರುವಾಗ ಕುಂಡಿ ಊರಿ ಕೂತರೆ ಆ ಮಾತು ನನ್ನ ತಂಗಿಯ ಒಲೆಯ ಮುಂದೆ ವರ್ಷಗಟ್ಟಲೆ ಬೇಯುತ್ತದೆ.

“ಬರ್ರಿ ಬೀಗರ, ಕುಂದ್ರಿ.”

“ಬ್ಯಾಡ್ರಿ ಮಾಸ್ತರ, ನೀವು ಕುಂದ್ರಿ.”

ಹೀಗೆ ಮೂರು ಸಲ ಆಯಿತು. ನಮ್ಮ ಕಡೆ ಮೂರು ಸಲ ಒಲ್ಲೆನ್ನದೆ ಚಹಾ ಕೂಡ ಯಾರೂ ಕುಡಿಯುವುದಿಲ್ಲ. ಮೊದಲನೆಯ ಒಲ್ಲೆ ಸುಳ್ಳು, ಎರಡನೆಯದು ಸಂಕೋಚ, ಮೂರನೆಯದರಲ್ಲಿ ಹೂಂ ಎಂಬುದು ಅಡಗಿರುತ್ತದೆ. ಮೂರನೆಯ ಒಲ್ಲೆ ಮುಗಿಸಿ ಬೀಗರು ನನ್ನ ಜಾಗದಲ್ಲಿ ಕೂತರು.

ಕಂಡಕ್ಟರು ನಿಂತವರ ತಲೆ ಎಣಿಸುತ್ತ ಬಂದ. “ತಪಾಸಣಿ ಐತ್ರಿ ಇವತ್ತ. ಉಭಾ ನಿಂತ ಮಂದಿ ಒಬ್ಬರು ಜಾಸ್ತಿ ಆಗ್ಯಾರ. ಮಾಸ್ತರ, ಎಲ್ಲಾರಕಿಂತ ಕಡೀಕ ನಿಂತವರು ನೀವ. ಇಳೀರಿ.”

ಬೀಗರು ಸಜ್ಜನರು. “ಏ, ಮಾಸ್ತರ್ನ ಇಳಿಸಬ್ಯಾಡೋ, ನಾ ಇಳೀತೀನಿ” ಎಂದು ಏಳಹೋದರು. ಆಗ ನನ್ನ ಬಾಯಿ, ಈ ಹಾಳು ಬಾಯಿ, ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು: “ಛೇ ಛೇ, ನೀವು ಕುಂದ್ರಿ. ನಾ ಹಿಂದ ಬರೋ ಮೋಟಾರಿಗೆ ಬರ್ತೀನಿ.”

ನನ್ನ ಲೆಕ್ಕದಲ್ಲಿ ಅದು ಮೊದಲನೆಯ ಒಲ್ಲೆ. ಅವರು ಇನ್ನೊಮ್ಮೆ ಒತ್ತಾಯ ಮಾಡಬೇಕು, ನಾನು ಇನ್ನೊಮ್ಮೆ ಒಲ್ಲೆನ್ನಬೇಕು, ಮೂರನೆಯ ಸಲಕ್ಕೆ ಅವ್ವನ ವಿಷಯ ಹೇಳಿ ಉಳಿದುಕೊಳ್ಳಬೇಕು. ಅಷ್ಟರಲ್ಲಿ ಕಂಡಕ್ಟರು ನನ್ನ ರಟ್ಟೆ ಹಿಡಿದು ಕೆಳಗಿಳಿಸಿ ಗಂಟೆ ಹೊಡೆದ. ಓಡಿಹೋಗಿ ಕಿಟಕಿ ಹಿಡಿದೆ. “ಇವತ್ತ ಅವ್ವನ ಕಣ್ಣಿನ ಪಟ್ಟಿ ಬಿಚ್ಚತಾರ್ರೀ! ನಾ ಬರಾಕತ್ತೀನಿ ಅಂತ ಹೇಳ್ರಿ!” ಎಂದು ಕೂಗಿದೆ. ಬೀಗರ ಮುಖ ಕಪ್ಪಿಟ್ಟದ್ದು ಕಾಣಿಸಿತು, ಆಮೇಲೆ ಧೂಳು.

ನಮ್ಮ ಉಪಚಾರ ಹುಟ್ಟಿದ್ದು ಬಯಲಿನಲ್ಲಿ. ಅಲ್ಲಿ ಕಂಬಳಿ ಹಾಸಿದರೆ ಬಂದವರೆಲ್ಲ ಕೂಡಬಹುದು, ಸಾಲದಿದ್ದರೆ ಇನ್ನೊಂದು ಹಾಸಬಹುದು. ಸಂಜೆಯವರೆಗೂ ಬರ್ರಿ, ಕುಂದ್ರಿ, ಒಲ್ಲೆ ಅನ್ನುತ್ತ ಇರಬಹುದು, ಯಾರಿಗೂ ಅವಸರವಿಲ್ಲ. ಅದನ್ನೇ ಹೊತ್ತುಕೊಂಡು ಹೋಗಿ ನಾವು ತಗಡಿನ ಡಬ್ಬಿಯೊಳಗೆ ತುರುಕಿದ್ದೇವೆ. ಹೀಗೆಲ್ಲ ವಿಚಾರ ಮಾಡುತ್ತ ದಿನವೆಲ್ಲ ಸ್ಟ್ಯಾಂಡಿನಲ್ಲೇ ಕೂತೆ. ಮಧ್ಯಾಹ್ನದ ಮೋಟಾರು ತುಂಬಿ ಬಂತು, ನಿಲ್ಲದೆ ಹೋಯಿತು. ಮರುದಿನ ಹೊರಟು ಮಿರಜು ಮುಟ್ಟಿದಾಗ ಹನ್ನೆರಡು ಹೊಡೆದಿತ್ತು.

ಅವ್ವನ ಕಣ್ಣಿಗೆ ಮತ್ತೆ ಪಟ್ಟಿ ಕಟ್ಟಿದ್ದರು. ಹೆಂಡತಿ ನನ್ನನ್ನು ಹೊರಗೆ ಕರೆದು ಹೇಳಿದಳು. ಮಂಗಳವಾರ ಪಟ್ಟಿ ಬಿಚ್ಚಿದಾಗ ಚಲೋ ಕಂಡಿತ್ತಂತೆ. ಬೆಳಗಾಗುವಷ್ಟರಲ್ಲಿ ಕಣ್ಣೊಳಗೆ ರಕ್ತ ಒಡೆದಿತ್ತು. ಇನ್ನು ಏನೂ ಮಾಡಲು ಬರುವುದಿಲ್ಲ ಎಂದಿದ್ದರು ಡಾಕ್ಟರು. ಮೂರು ವರ್ಷ ಕಾದವಳಿಗೆ ಕಂಡದ್ದು ಒಂದೇ ಒಂದು ಸಂಜೆ, ಆ ಸಂಜೆ ನಾನು ಜತ್ತಿನ ಸ್ಟ್ಯಾಂಡಿನಲ್ಲಿದ್ದೆ. ಗೋಡೆಗೆ ತಲೆ ಕೊಟ್ಟು ಅತ್ತೆ.

“ಬೀಗರು ಬಂದಿದ್ದರಪ್ಪ” ಎಂದಳು ಅವ್ವ, ನಾನು ಕೈ ಹಿಡಿದಾಗ. “ಭಾಳ ಸೊರಗ್ಯಾರ, ಮೀಸಿ ಎಲ್ಲಾ ಬೆಳ್ಳಗಾಗ್ಯಾವ. ನನ್ನ ಮುಂದ ಕುಂತು ಸಣ್ಣ ಹುಡುಗರಗತೆ ಅತ್ತರು. ನೀ ಅವರಿಗೆ ಜಾಗಾ ಕೊಟ್ಟಿ ಅಂತ ಹೇಳಿದರು, ಚಲೋ ಮಾಡಿದಿ. ನೀ ಬರ್ತಿ ಅಂತ ಬಾಗಲಾನ ನೋಡಕೋತ ಕುಂತಿದ್ದೆ.”

ಎಂಟು ದಿನಕ್ಕೆ ಅವಳನ್ನು ಊರಿಗೆ ಕರೆತಂದೆ. ಆ ದಿನವೂ ಮೋಟಾರು ಕಿಕ್ಕಿರಿದಿತ್ತು. ಅವ್ವನನ್ನು ಕಿಟಕಿಯ ಪಕ್ಕ ಕೂಡಿಸಿ, ನಾನು ಅವಳ ಮಗ್ಗುಲಿಗೆ, ಹೆಂಡತಿ ಹಿಂದೆ ಹೆಂಗಸರ ನಡುವೆ ಕೂತೆವು. ಇನ್ನು ಸಾಕ್ಷಾತ್ ದೇವರು ಹತ್ತಿದರೂ ಏಳುವುದಿಲ್ಲವೆಂದು ಹಲ್ಲು ಕಚ್ಚಿದ್ದೆ. ಮುದುಕನೊಬ್ಬ ಹತ್ತಿ ನನ್ನ ಪಕ್ಕದ ಕಂಬಿ ಹಿಡಿದ. ನಾನು ಆ ಕಡೆ ನೋಡಲಿಲ್ಲ. ಮುದುಕ ಕೆಮ್ಮಿದ.

“ಯಾರೋ ಹಿರ್ಯಾರು ನಿಂತಾರಲ್ಲೋ, ಏಳು” ಎಂದಳು ಅವ್ವ.

ಎದ್ದೆ. ಮುದುಕ ಒಲ್ಲೆ ಒಲ್ಲೆ ಎನ್ನುತ್ತ ಕೂತ. ಅವ್ವ ಅವನ ಮೈಮೇಲಿಂದ ಕೈ ಚಾಚಿ, ತಡಕಾಡಿ, ನನ್ನ ಧೋತರದ ಚುಂಗು ಹಿಡಿದಳು. ಜತ್ತು ಬರುವವರೆಗೂ ಬಿಡಲಿಲ್ಲ.