ಟರ್ಬೊ ಕಾರಿನ ಮೈಲೇಜೂ ನನ್ನ ಬಲಗಾಲೂ

ಇವತ್ತು ಬೆಳಿಗ್ಗೆ ಕಾವೂರಿನ ಪಂಪಿನಲ್ಲಿ ಕಾರಿನ ಕಿಟಕಿ ಇಳಿಸಿದ್ದೇ ತಡ, ಪೆಟ್ರೋಲಿನ ವಾಸನೆ ಒಳಗೆ ನುಗ್ಗಿತು. ಕೆಲವರಿಗೆ ಮಲ್ಲಿಗೆಯ ಪರಿಮಳದಿಂದ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ ಈ ವಾಸನೆಯೇ ಸಾಕು. ನಾನು ಪೆಚ್ಚಾದ ಪ್ರಸಂಗ ಕಣ್ಣೆದುರು ಬಂದು ನಿಲ್ಲುತ್ತದೆ.

ಆರು ವರ್ಷದ ಹಿಂದೆ ಟರ್ಬೊ ಕಾರು ಕೊಂಡೆ. ಟರ್ಬೊ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಆ ಹೆಸರು ಹೇಳುವಾಗ ಎದೆ ಉಬ್ಬುತ್ತಿತ್ತು, ಅಷ್ಟೆ. ಆದರೆ ಶೋರೂಮಿನವರು ಹೇಳಿದ ಮೈಲೇಜು ಮಾತ್ರ ಬರಲೇ ಇಲ್ಲ. ಅಪರಾಧಿ ಯಾರೆಂದು ಹುಡುಕಲು ನಾನು ದೂರ ಹೋಗಲಿಲ್ಲ. ಹೆಂಡತಿ ವನಿತಾ ಫಳ್ನೀರಿನ ಕ್ಲಿನಿಕ್ಕಿಗೆ ಕೆಲಸಕ್ಕೆ ಹೋಗುತ್ತಿದ್ದದ್ದು ಅದೇ ಕಾರಿನಲ್ಲಿ. "ನಿನಗೆ ಗೇರ್ ಹಾಕ್ಲಿಕ್ಕೆ ಬರುದಿಲ್ಲ" ಎಂದು ದಿನವೂ ಊಟದ ಹೊತ್ತಿಗೆ ಪಾಠ ಮಾಡುತ್ತಿದ್ದೆ. ಅವಳು ಸಾರು ಬಡಿಸುತ್ತಿದ್ದಳು.

ಪಕ್ಕದ ಮನೆಯ ಹಮೀದ್ ಕಾಕ ಗಲ್ಫಿನಲ್ಲಿ ಇಪ್ಪತ್ತು ವರ್ಷ ಟ್ಯಾಕ್ಸಿ ಓಡಿಸಿ ಬಂದವರು. ನನ್ನ ಪಾಠ ಗೋಡೆಯಾಚೆಗೂ ಕೇಳಿಸುತ್ತಿತ್ತೇನೋ, ಒಂದು ದಿನ ನನ್ನನ್ನು ಕಾಂಪೌಂಡಿನ ಬಳಿ ನಿಲ್ಲಿಸಿದರು.

"ಕಾರಿನ ಸ್ಕ್ರೀನಿನಲ್ಲಿ ಮೈಲೇಜ್ ಅಂತ ಬರುದು ಬರೀ ಅಂದಾಜು ಮಾರಾಯ್ರೆ. ಟ್ಯಾಂಕ್ ಫುಲ್ ಮಾಡಿ, ಪಂಪ್ ತಾನೇ ನಿಂತ ಮೇಲೆ ಒಂದು ಹನಿಯೂ ಹಾಕಿಸ್ಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಒಂದು ವಾರ ಓಡಿಸಿ ಅದೇ ಪಂಪಲ್ಲಿ ಪುನಃ ಫುಲ್ ಮಾಡಿ. ಎಷ್ಟು ಕಿಲೋಮೀಟರ್ ಓಡಿದೆ, ಈಗ ಎಷ್ಟು ಲೀಟರ್ ಹಿಡಿಯಿತು, ಭಾಗಿಸಿ. ಒಂದು ವಾರ ನಿಮ್ಮ ಹೆಂಡತಿ ಓಡಿಸ್ಲಿ, ಒಂದು ವಾರ ನೀವು. ದಾರಿ ಒಂದೇ ಇರ್ಲಿ."

ನಾನು ಉತ್ಸಾಹದಿಂದ ಒಪ್ಪಿದೆ. ಗೆಲ್ಲುವವನು ನಾನೇ ತಾನೆ?

ವನಿತಾಳ ವಾರ ಲೀಟರಿಗೆ ಹದಿನಾರು ಬಂತು. ನನ್ನ ವಾರ ಹನ್ನೊಂದು.

ಟ್ರಾಫಿಕ್ಕು, ಎಸಿ, ಟಯರಿನ ಗಾಳಿ ಎಂದು ಸಿಕ್ಕಿದ್ದರ ಮೇಲೆಲ್ಲ ತಪ್ಪು ಹೊರಿಸಿದೆ. ಕಾಕ ನಗಲಿಲ್ಲ, ಉಳ್ಳಾಲದ ತಂಗಿಯ ಮನೆಗೆ ಹೋಗಲಿಕ್ಕುಂಟೆಂದು ನನ್ನ ಕಾರು ಹತ್ತಿದರು. ನೇತ್ರಾವತಿ ಸೇತುವೆ ಸಿಕ್ಕಿದ್ದೇ ನಾನು ಪೆಡಲ್ ತುಳಿದೆ. ಕಾರು ಹಾರಿತು. ಕಾಕ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಟೊಪ್ಪಿ ಹಿಡಿದುಕೊಂಡರು.

"ಈಗ ಗೊತ್ತಾಯ್ತಲ್ಲ? ನೀವು ಜೋರು ಒತ್ತಿದ ಹಾಗೆ ಟರ್ಬೊ ಎಂಜಿನಿಗೆ ಗಾಳಿ ತುರುಕ್ತದೆ. ಗಾಳಿ ಜಾಸ್ತಿ ಹೋದ್ರೆ ಪೆಟ್ರೋಲೂ ಜಾಸ್ತಿ ಬೇಕು. ಮೆಲ್ಲ ಒತ್ತಿದ್ರೆ ಅದರಷ್ಟು ಪಾಪದ್ದು ಬೇರೆ ಇಲ್ಲ. ತಪ್ಪು ಕಾರಿನದ್ದಲ್ಲ, ಅವರದ್ದೂ ಅಲ್ಲ."

ಅವತ್ತು ಮನೆಗೆ ಬಂದು ವನಿತಾಳೆದುರು ನಿಂತೆ. "ತಪ್ಪು ನನ್ನದೇ" ಎಂದೆ.

"ನನಗೆ ಮೊದಲೇ ಗೊತ್ತುಂಟು."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ಹೇಳಿದ್ದೆ. ನಾಲ್ಕು ಸಲ. ಕಾಕ ಹೇಳಿದ್ದು ಮಾತ್ರ ನಿಮಗೆ ಕೇಳಿತು."

ಮೈಲೇಜಿನ ವ್ಯತ್ಯಾಸಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಚುಚ್ಚಿತು. ನಾಲ್ಕು ಸಲದಲ್ಲಿ ಒಂದೂ ನನಗೆ ನೆನಪಿರಲಿಲ್ಲ.

ಈಗ ನಾವಿಬ್ಬರೂ ಒಟ್ಟಿಗೆ ಹೊರಟರೆ ಸ್ಟೇರಿಂಗ್ ಅವಳ ಕೈಯಲ್ಲಿ. ಇವತ್ತೂ ಪಂಪಿನಿಂದ ಹೊರಟು ಏರು ಹತ್ತುವಾಗ ಮುಂದೊಂದು ರಿಕ್ಷಾ ತೆವಳುತ್ತಿತ್ತು. ವನಿತಾ ಅದರ ಹಿಂದೆ ನಿರಾತಂಕವಾಗಿ ಹೋಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಆ ಬದಿಯಲ್ಲಿ ಪೆಡಲ್ ಇಲ್ಲ ಮಾರಾಯ್ರೆ" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

ಕೆಳಗೆ ನೋಡಿದೆ. ನನ್ನ ಬಲಗಾಲು ಮ್ಯಾಟನ್ನು ಬಲವಾಗಿ ಒತ್ತಿ ಹಿಡಿದಿತ್ತು. ಈ ಸಲ ಒಂದೇ ಮಾತಿಗೆ ಕಾಲನ್ನು ಹಿಂದಕ್ಕೆಳೆದುಕೊಂಡೆ.