ಎರಡು ಸದ್ದಿನ ಏಟು

ನನ್ನ ಗೆಳತಿ ತೀರಿಹೋಗಿ ಇವತ್ತಿಗೆ ಹನ್ನೆರಡು ದಿನ. ನೂರಕ್ಕೂ ಹೆಚ್ಚು ಸಿನಿಮಾಗಳಲ್ಲಿ ಒದೆ ತಿಂದ ತಾಯಿ, ಒದೆ ಕೊಟ್ಟ ಅತ್ತೆ ಎಂದು ಪತ್ರಿಕೆಗಳು ಬರೆದವು. ಚಿತ್ರರಂಗದವರು ಅವಳನ್ನು ‘ಏಟಿನಮ್ಮ’ ಎಂದು ಕರೆಯುತ್ತಿದ್ದದ್ದನ್ನೂ ಬರೆದವು. ಎಡಗಿವಿ ಹೇಗೆ ಹೋಯಿತೆಂದು ಯಾರೂ ಬರೆಯಲಿಲ್ಲ. ಗೊತ್ತಿದ್ದವರಲ್ಲಿ ಉಳಿದಿರುವವಳು ನಾನೊಬ್ಬಳೇ.

ನಾಟಕ ಕಂಪನಿಯಲ್ಲಿ ನಾನು ಪ್ರಾಂಪ್ಟರ್. ರಂಗದ ಎಡಗಡೆ ಪರದೆಯ ಮರೆಯಲ್ಲಿ ಮಣೆ ಹಾಕಿ ಕೂತು, ನಟರು ಮಾತು ಮರೆತರೆ ಪಿಸುಗುಟ್ಟುವುದು ನನ್ನ ಕೆಲಸ. ಅವಳು ಹದಿನೇಳಕ್ಕೆ ಕಂಪನಿ ಸೇರಿದಳು, ಇಪ್ಪತ್ತಕ್ಕೆ ನಮ್ಮ ನಾಯಕನಟನನ್ನು ಮದುವೆಯಾದಳು.

ರಂಗದ ಮೇಲಿನ ಏಟಿಗೆ ಒಂದು ಕ್ರಮವಿದೆ. ಹೊಡೆಯುವವನ ಕೈ ಕೆನ್ನೆಯ ಮುಂದೆ ಗಾಳಿಯಲ್ಲಿ ಹಾದುಹೋಗಬೇಕು. ಅದೇ ಕ್ಷಣಕ್ಕೆ ಹೊಡೆಸಿಕೊಳ್ಳುವವರು ಯಾರಿಗೂ ಕಾಣದಂತೆ ತಮ್ಮ ತೊಡೆಗೆ ತಾವೇ ಬಡಿದುಕೊಂಡು ಸದ್ದು ಮಾಡಬೇಕು. ಅವಳು ಬಡಿದುಕೊಂಡರೆ ಕೊನೆಯ ಸಾಲಿನವರೂ ಕೆನ್ನೆ ಮುಟ್ಟಿಕೊಳ್ಳುತ್ತಿದ್ದರು.

ಮದುವೆಯಾದ ಮೂರನೆಯ ವರ್ಷದಿಂದ ನನಗೆ ಎರಡು ಸದ್ದು ಕೇಳಿಸತೊಡಗಿತು. ಒಂದು ತೊಡೆಯದು, ಇನ್ನೊಂದು ಕೆನ್ನೆಯದು. ಮೂರನೆಯ ಅಂಕದಲ್ಲಿ ಗಂಡ ಹೆಂಡತಿಯ ಜುಟ್ಟು ಹಿಡಿದು ಹೊಡೆಯುವ ದೃಶ್ಯವಿತ್ತು; ಆ ಪಾತ್ರಗಳೂ ಇವರಿಬ್ಬರದೇ. ಅವಳಿಗೆ ಹೆಚ್ಚು ಚಪ್ಪಾಳೆ ಬಿದ್ದ ದಿನ ಏಟು ಬಿಗಿಯಾಗುತ್ತಿತ್ತು. ಬಣ್ಣದ ಕೋಣೆಯಲ್ಲಿ ಕೂದಲು ಬಿಚ್ಚಿದರೆ ಬುಡದಲ್ಲಿ ರಕ್ತ ಹೆಪ್ಪುಗಟ್ಟಿರುತ್ತಿತ್ತು.

“ಯಾಕೆ ಸುಮ್ನೆ ತಿಂತೀಯೆ?” ಎಂದು ಕೇಳಿದೆ.

“ಮನೇಲಿ ಹೊಡೆದ್ರೆ ಅವರಿಗೆ ಚಪ್ಪಾಳೆ ಸಿಗಲ್ವಲ್ಲೇ,” ಎಂದು ನಕ್ಕಳು. ಆಮೇಲೆ, “ಬಾಯಿ ಬಿಟ್ರೆ ನನ್ನ ಪಾತ್ರ ಹೋಗುತ್ತೆ. ನಾಟಕ ಬಿಟ್ಟು ನನಗೇನಿದೆ ಹೇಳು,” ಎಂದಳು.

ಒಂದು ಭಾನುವಾರ ಮಧ್ಯಾಹ್ನದ ಆಟದಲ್ಲಿ ಒಂದೇ ಸದ್ದು ಬಂತು. ಅವಳ ಕೈಗಳನ್ನು ಅವನು ಬೆನ್ನ ಹಿಂದೆ ತಿರುಚಿ ಹಿಡಿದಿದ್ದ. ಅಂಗೈ ಚಾಚಿ ಎಡಗಿವಿಯ ಮೇಲೆ ಬಾರಿಸಿದ. ಬಿದ್ದವಳನ್ನು ಜುಟ್ಟು ಹಿಡಿದೆತ್ತಿ ಮತ್ತೆ ಬಾರಿಸಿದ. ಅದು ನಾಟಕದಲ್ಲಿರಲಿಲ್ಲ. ಸಭೆ ಶಿಳ್ಳೆ ಹಾಕಿತು. ಅವಳು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಎಲ್ಲ ಗೊತ್ತಿದ್ದ ನಾನು ಆಗ ಮಾಡಿದ್ದೇನು? ಕೆಲಸದ ಚಾಳಿ, ಸಾಲು ಮರೆತಳೆಂದುಕೊಂಡು ಪಿಸುಗುಟ್ಟಿದೆ. ಮೂರು ಸಲ. “ನೀವು ಹೊಡೆದ ಕೈ ನೂರು ಕಾಲ ಬಾಳಲಿ” ಎಂಬ ಸಾಲು. ಕಿವಿಯಿಂದ ರಕ್ತ ಕತ್ತಿಗಿಳಿದದ್ದು ಕಂಡ ಮೇಲೆ ಪುಸ್ತಕ ಮುಚ್ಚಿದೆ.

ಕಿವಿತಮಟೆ ಹರಿದಿದೆ, ಆ ಕಡೆ ಇನ್ನು ಕೇಳಿಸುವುದಿಲ್ಲ ಎಂದರು ಡಾಕ್ಟರು. ಗಂಡ ಹಾಸಿಗೆಯ ಪಕ್ಕ ಕೂತು ಅತ್ತ. “ಪಾತ್ರದಲ್ಲಿ ಮುಳುಗಿಬಿಟ್ಟೆ ಕಣೆ.”

“ಮುಳುಗಿದವರು ನೀವು, ನೀರು ಕುಡಿದವಳು ನಾನು,” ಎಂದಳು.

ಕಂಪನಿಯ ಮಾಲೀಕರೂ ಬಂದರು. “ಕಿವಿ ಕೇಳದೆ ನಾಟಕ ಹೇಗಮ್ಮಾ? ಪಾತ್ರ ಬೇರೆಯವರಿಗೆ ಕೊಡ್ತೀನಿ.”

“ಒಂದು ಆಟ ನೋಡಿ ಆಮೇಲೆ ಹೇಳಿ.”

ಆ ಆಟಕ್ಕೆ ನಾನು ಬಲಗಡೆ ಮಣೆ ಹಾಕಿದೆ. ಎರಡು ಅಂಕ ಅವಳು ಒಂದು ಮಾತೂ ತಪ್ಪಲಿಲ್ಲ. ಮೂರನೆಯದರಲ್ಲಿ ಅವನು ಜುಟ್ಟಿಗೆ ಕೈ ಹಾಕಿದ. ಅವಳು ಆ ಕೈಯನ್ನು ಕಚ್ಚಿ ಹಿಡಿದಳು. ಅವನು ಕಿರುಚುತ್ತ ಬಗ್ಗಿದಾಗ ಮರದ ಸ್ಟೂಲು ಎತ್ತಿ ಬಾಯಿಗೆ ಅಪ್ಪಳಿಸಿದಳು. ಎರಡು ಹಲ್ಲು ಹಲಗೆಯ ಮೇಲೆ ಉರುಳಿದವು. ಇನ್ನೊಂದೇಟಿಗೆ ಭುಜದ ಮೂಳೆ ಲಟಕ್ಕೆಂದಿತು.

“ಪರದೆ ಎಳೀರೋ!” ಎಂದು ಒದರಿದ. ಹಗ್ಗ ನನ್ನ ಪಕ್ಕದಲ್ಲೇ ಇತ್ತು. ನಾನು ಮುಟ್ಟಲಿಲ್ಲ.

“ಇನ್ನೊಂದು ಬಿಡಮ್ಮಾ!” ಎಂದು ಸಭೆ ಎದ್ದು ಕೂಗುತ್ತಿತ್ತು.

ಅವಳು ಗೆದ್ದಳೆಂದು ಬರೆದರೆ ಸುಳ್ಳಾಗುತ್ತದೆ. ನಾಯಕನ ಮೇಲೆ ಕೈ ಮಾಡಿದವಳಿಗೆ ಯಾವ ಕಂಪನಿಯೂ ಬಾಗಿಲು ತೆರೆಯಲಿಲ್ಲ. ಇಪ್ಪತ್ತಾರು ವರ್ಷ ಸಿನಿಮಾ ಅವಳ ಹೊಟ್ಟೆ ಹೊರೆಯಿತು. ಅಲ್ಲೂ ಏಟೇ. ಒಬ್ಬ ನಿರ್ದೇಶಕ ಒಂದೇ ಕಪಾಳಮೋಕ್ಷವನ್ನು ಹನ್ನೊಂದು ಸಲ ನಿಜವಾಗಿ ಹೊಡೆಸಿದ. ತುಟಿ ಒಡೆಯಿತು. ಹನ್ನೆರಡನೆಯದನ್ನು ಅವಳು ನಿರ್ದೇಶಕನ ಕೆನ್ನೆಗೇ ಬಿಟ್ಟು, “ಇಷ್ಟು ಸಾಕಾ ಸಾರ್?” ಎಂದಳು. ಎರಡು ವರ್ಷ ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಐವತ್ತು ದಾಟಿದ ಮೇಲೆ ಒಂದು ಸಣ್ಣ ತಂಡ ಅವಳನ್ನು ನಾಟಕಕ್ಕೆ ಕರೆಯಿತು. ಅಷ್ಟೆಲ್ಲ ಏಟು ತಿಂದವಳು ಅತ್ತದ್ದನ್ನು ನಾನು ನೋಡಿದ್ದು ಆ ದಿನ ಮಾತ್ರ.

ಹೋದ ತಿಂಗಳ ಆಟದಲ್ಲಿ ಮಗನ ಪಾತ್ರದ ನಟ ಅವಳ ಎಡಗಡೆ ನಿಂತು ಮಾತು ಹೇಳಿದ. ಅವಳಿಗೆ ಕೇಳಿಸಲಿಲ್ಲ. ನಟನ ಮುಖ ಬಿಳಿಚಿತು. ಅವಳು ನಿಧಾನವಾಗಿ ತಿರುಗಿ, ಎಲ್ಲರೆದುರೇ, ಗಟ್ಟಿಯಾಗಿ ಹೇಳಿದಳು:

“ಈ ಕಿವಿ ಸತ್ತಿದೆ ಕಣಪ್ಪಾ. ಆ ಕಡೆ ಸುತ್ತಿ ಬಂದು ಹೇಳು.”

ಅವನು ಸುತ್ತಿ ಬಂದು ಹೇಳಿದ. ಆಟ ಮುಂದುವರಿಯಿತು.